ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳಲ್ಲಿ ದೂರ ಮತ್ತು ಪ್ರಯಾಣಕಾಲ: ಒಂದು ಚಾರಿತ್ರಿಕ ಪರಿಶೀಲನೆ

ಎರಡು ಸ್ಥಳಗಳ ನಡುವಣ ದೂರವೆಷ್ಟು ಎಂದು ಕೇಳಿದರೆ ಭೂಗೋಳಶಾಸ್ತ್ರಜ್ಞನು ಒಂದು ಅಂಕಿಯನ್ನು ಹೇಳುತ್ತಾನೆ. ದಾರಿಹೋಕನು ಮತ್ತೊಂದನ್ನು ಹೇಳುತ್ತಾನೆ. ಮೊದಲನೆಯವನ ಅಂಕಿ ಅಕ್ಷಾಂಶ ರೇಖಾಂಶಗಳಿಂದ ಹುಟ್ಟಿದುದು. ಅದು ಶತಮಾನಗಳು ಕಳೆದರೂ ಬದಲಾಗುವುದಿಲ್ಲ. ಎರಡನೆಯವನ ಅಂಕಿ ಕಾಲಿನಿಂದ, ಗಾಡಿಯ ಗಾಲಿಯಿಂದ, ಮಳೆಗಾಲದ ಹೊಳೆಯಿಂದ, ಎತ್ತಿಗೆ ದೊರೆಯುವ ಮೇವುನೀರಿನಿಂದ ಹುಟ್ಟಿದುದು. ಅದು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ. ಮೊದಲನೆಯದು ಗಣಿತದ ವಿಷಯವಾದರೆ ಎರಡನೆಯದು ಚರಿತ್ರೆಯ ವಿಷಯ. ಇವೆರಡರ ಅಂತರವನ್ನು ಒಂದು ಸಣ್ಣ ಪ್ರದೇಶದ ಮಟ್ಟಿಗೆ ಅಳೆದು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕಾಗಿ ನಾವು ಆರಿಸಿಕೊಂಡಿರುವ ಪ್ರದೇಶವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು. ಬಹುಕಾಲ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೆಂದು ಕರೆಯಿಸಿಕೊಂಡ ಈ ಸೀಮೆಯು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ.

ಮೊದಲು ಅಳತೆಯ ವಿಧಾನವನ್ನು ಹೇಳಿಬಿಡುವುದು ಯುಕ್ತ. ನಮ್ಮ ಸೀಮೆಯು ಉತ್ತರ ಅಕ್ಷಾಂಶ 15ರ ಆಸುಪಾಸಿನಲ್ಲಿದೆ. ಇಲ್ಲಿ ಒಂದು ಡಿಗ್ರಿ ಅಕ್ಷಾಂಶವು ಸುಮಾರು 110.6 ಕಿಲೋಮೀಟರಿಗೂ, ಒಂದು ಡಿಗ್ರಿ ರೇಖಾಂಶವು ಸುಮಾರು 107.5 ಕಿಲೋಮೀಟರಿಗೂ ಸಮ. ಎರಡು ಊರುಗಳ ಅಕ್ಷಾಂಶಗಳ ವ್ಯತ್ಯಾಸವನ್ನೂ ರೇಖಾಂಶಗಳ ವ್ಯತ್ಯಾಸವನ್ನೂ ಈ ಪ್ರಮಾಣದಂತೆ ಕಿಲೋಮೀಟರುಗಳಿಗೆ ತಿರುಗಿಸಿ, ಲಂಬತ್ರಿಕೋನದ ಕರ್ಣವನ್ನು ಕಂಡುಹಿಡಿಯುವ ಕ್ರಮದಲ್ಲಿ ಲೆಕ್ಕ ಮಾಡಿದರೆ, ಹಕ್ಕಿ ಹಾರುವ ದಾರಿಯ ದೂರ ದೊರೆಯುತ್ತದೆ. ಹೀಗೆ ಗಣಿಸಿದಾಗ ಕೂಡ್ಲಿಗಿಯಿಂದ ಕೊಟ್ಟೂರಿಗೆ ಸುಮಾರು 19, ಕೊಟ್ಟೂರಿನಿಂದ ಹರಪನಹಳ್ಳಿಗೆ 25, ಹರಪನಹಳ್ಳಿಯಿಂದ ಹಡಗಲಿಗೆ 25, ಹಡಗಲಿಯಿಂದ ಹಗರಿಬೊಮ್ಮನಹಳ್ಳಿಗೆ 28, ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ 24 ಕಿಲೋಮೀಟರುಗಳಾಗುತ್ತವೆ. ಈ ಲೇಖನದಲ್ಲಿ ನೇರದೂರ ಎಂದು ಕೊಟ್ಟಿರುವ ಅಂಕಿಗಳೆಲ್ಲ ಹೀಗೆ ನಾವೇ ಗಣಿಸಿದವು. ಒಂದೆರಡು ಕಿಲೋಮೀಟರುಗಳ ಹೆಚ್ಚುಕಡಮೆಯನ್ನು ವಾಚಕರು ಮನ್ನಿಸತಕ್ಕದ್ದು. ಪ್ರೌಢಶಾಲೆಯ ಗಣಿತ ಬಲ್ಲ ಯಾವ ವಿದ್ಯಾರ್ಥಿಯಾದರೂ ಭೂಪಟವೊಂದನ್ನು ಮುಂದಿಟ್ಟುಕೊಂಡು ಇವನ್ನು ಪರೀಕ್ಷಿಸಬಹುದು.

ಐದು ಊರುಗಳೂ ಒಂದಕ್ಕೊಂದು ಇಷ್ಟು ಸಮೀಪದಲ್ಲಿದ್ದರೂ, ಇವುಗಳಿಗೂ ಅಧಿಕಾರದ ಕೇಂದ್ರಗಳಿಗೂ ನಡುವಣ ದೂರವು ಎಂದೂ ದೊಡ್ಡದಾಗಿಯೇ ಇತ್ತು. ಈ ಸಂಗತಿಗೆ ನಮಗೆ ದೊರೆಯುವ ಅತಿ ಹಳೆಯ ಆಧಾರಗಳಲ್ಲೊಂದು ಹಿರೇಹಡಗಲಿಯ ತಾಮ್ರಶಾಸನ. ಪ್ರಾಕೃತ ಭಾಷೆಯ ಈ ಶಾಸನವನ್ನು ಪಲ್ಲವ ದೊರೆ ಶಿವಸ್ಕಂದವರ್ಮನು ಕಂಚಿಯಿಂದ ಹೊರಡಿಸಿದನು. ಕಾಲ ಸುಮಾರು ಕ್ರಿಸ್ತಶಕ ನಾಲ್ಕನೆಯ ಶತಮಾನ. ದತ್ತಿಯಾದ ಭೂಮಿಯು ಸಾತಾಹನಿರಟ್ಟವೆಂಬ ನಾಡಿನಲ್ಲಿತ್ತೆಂದು ಅದು ತಿಳಿಸುತ್ತದೆ. ಕಂಚಿಗೂ ಹಿರೇಹಡಗಲಿಗೂ ನೇರದೂರವೇ ಸುಮಾರು 475 ಕಿಲೋಮೀಟರು. ದಿನಕ್ಕೆ 30 ಕಿಲೋಮೀಟರು ನಡೆಯುವ ಗಟ್ಟಿ ಕಾಲಿನ ದೂತನಿಗೆ, ದಾರಿಯು ನೂಲು ಹಿಡಿದಂತೆ ನೇರವಾಗಿದ್ದರೂ, ಹದಿನಾರು ದಿನಗಳು ಬೇಕು. ಬೆಟ್ಟ ಹೊಳೆಗಳನ್ನು ಬಳಸಿ ಬರುವ ನಿಜವಾದ ದಾರಿಯಲ್ಲಿ ಮೂರು ವಾರಗಳಿಗೆ ಕಡಮೆಯಾಗಿರಲಾರದು. ರಾಜಾಜ್ಞೆಯನ್ನು ಈ ಶಾಸನವು ನಾಡಿನ ಅಧಿಕಾರಿಗಳಿಗೂ ಗ್ರಾಮಭೋಜಕರಿಗೂ ಇತರರಿಗೂ ಹೆಸರಿಸಿ ಹೇಳುವ ಬಗೆಯನ್ನು ಗಮನಿಸಿದರೆ, ಕಂಚಿಯಲ್ಲಿ ಕುಳಿತ ಅರಸನ ಮಾತು ಇಷ್ಟು ದೂರದ ಹಳ್ಳಿಯಲ್ಲಿ ನಡೆಯಬೇಕಾದರೆ ಎಷ್ಟು ಜನರ ಕೈಗಳನ್ನು ದಾಟಬೇಕಾಗಿತ್ತೆಂಬುದು ವಿದಿತವಾಗುತ್ತದೆ.

ದೂರವನ್ನು ಜಯಿಸಲು ಹಿಂದಿನ ಆಳ್ವಿಕೆಗಳು ಕಂಡುಕೊಂಡ ಉಪಾಯವೆಂದರೆ ನಾಡನ್ನು ಸಣ್ಣ ಸಣ್ಣ ವಿಭಾಗಗಳಾಗಿ ಒಡೆಯುವುದು. ಶಾಸನಗಳಲ್ಲಿ ಬರುವ ನೊಳಂಬವಾಡಿ 32,000, ಕೋಗಳಿ 500 ಮುಂತಾದ ಹೆಸರುಗಳು ಎಲ್ಲರಿಗೂ ಪರಿಚಿತವಾದವು. ಈ ಅಂಕಿಗಳ ಅರ್ಥದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ; ಆ ಚರ್ಚೆ ಇಲ್ಲಿ ಅಪ್ರಸ್ತುತ. ನಮಗೆ ಮುಖ್ಯವಾದ ಸಂಗತಿಯೆಂದರೆ, ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಗ್ರಾಮವಾಗಿರುವ ಕೋಗಳಿಯು ಒಂದು ಕಾಲಕ್ಕೆ ಒಂದು ನಾಡಿನ ತಲೆಯೂರಾಗಿತ್ತು. ಹರಪನಹಳ್ಳಿಗೆ ಸಮೀಪದ ಬಾಗಳಿಯು ತನ್ನ ಕಲ್ಲೇಶ್ವರ ದೇವಾಲಯದಿಂದಲೂ ಅಲ್ಲಿನ ಹಲವು ಶಾಸನಗಳಿಂದಲೂ ಪ್ರಸಿದ್ಧವಾಗಿದೆ. ಉಚ್ಚಂಗಿದುರ್ಗವು ಪಾಂಡ್ಯರ ನೆಲೆಯಾಗಿ ಮೆರೆಯಿತು. ಆ ದಿನಗಳ ರೈತನು ತನ್ನ ವ್ಯಾಜ್ಯವನ್ನು ಹೊತ್ತು ಹೋಗಬೇಕಾಗಿದ್ದ ನಾಡ ಕೇಂದ್ರವು ಒಂದೆರಡು ದಿನದ ನಡಿಗೆಯೊಳಗೇ ಇತ್ತು. ಕೇಂದ್ರಗಳು ಸ್ಥಿರವಲ್ಲ, ಅವು ಚಲಿಸುತ್ತವೆ. ಕೇಂದ್ರವು ಚಲಿಸಿದಾಗ ಹಳ್ಳಿಯು ಕದಲದಿದ್ದರೂ ದೂರವಾಗುತ್ತದೆ ಅಥವಾ ಹತ್ತಿರವಾಗುತ್ತದೆ. ಈ ತತ್ತ್ವವನ್ನು ಮುಂದೆಯೂ ನೆನಪಿನಲ್ಲಿಡಬೇಕಾಗುವುದು.

ಜನಸಾಮಾನ್ಯರು ದೂರವನ್ನು ಅಳೆಯುತ್ತಿದ್ದ ಮಾನಗಳನ್ನು ಈಗ ನೋಡೋಣ. ಅತಿ ಸಮೀಪದ್ದು ಕೂಗಳತೆ. ಒಬ್ಬನ ಕೂಗು ಮತ್ತೊಬ್ಬನಿಗೆ ಕೇಳುವಷ್ಟು. ಅದಕ್ಕಿಂತ ದೊಡ್ಡದು ಹರದಾರಿ. ಅದನ್ನು ಸುಮಾರು 3 ಮೈಲೆಂದು ಹಿಡಿಯುವುದು ವಾಡಿಕೆ. ನಾಲ್ಕು ಹರದಾರಿಗಳನ್ನು ಒಂದು ಗಾವುದವೆಂದು ಎಣಿಸುವರು. ಕಾಲಕ್ಕೆ ಗಳಿಗೆ ಮತ್ತು ಜಾವಗಳು. ಗಳಿಗೆಯೊಂದು 24 ನಿಮಿಷ, ಜಾವವೊಂದು 3 ಗಂಟೆ. ಈ ಎರಡು ಬಗೆಯ ಮಾನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸ್ವಾರಸ್ಯ ಗೋಚರಿಸುತ್ತದೆ. ಹರದಾರಿಯು ಸುಮಾರು 4.8 ಕಿಲೋಮೀಟರು, ಆರೋಗ್ಯವಂತನಾದ ಮನುಷ್ಯನು ಹೊರೆಯಿಲ್ಲದೆ ಒಂದು ಗಂಟೆಯಲ್ಲಿ ನಡೆಯುವ ದೂರವೂ ಹೆಚ್ಚುಕಡಮೆ ಅಷ್ಟೇ. ಎಂದರೆ ಜಾವಕ್ಕೆ ಮೂರು ಹರದಾರಿ, ನಾಲ್ಕು ಗಂಟೆಗೆ ಒಂದು ಗಾವುದ. ಗಾವುದವು ಬೆಳಗಿನ ತಂಪಿನಲ್ಲಿ ಹೊರಟು ಬಿಸಿಲೇರುವ ಮುನ್ನ ಮುಗಿಸಬಹುದಾದ ನಡಿಗೆ. ಈ ಮಾನಗಳು ನೆಲಕ್ಕಿಂತ ಹೆಚ್ಚಾಗಿ ಶರೀರದ ಶಕ್ತಿಯನ್ನೂ ಹೊತ್ತನ್ನೂ ಅಳೆಯುತ್ತಿದ್ದವೆಂದು ನಮಗೆ ತೋರುತ್ತದೆ. ಹೊರೆ ಹೊತ್ತವನ ಹರದಾರಿ ದೊಡ್ಡದು, ಬರಿಗೈಯವನದು ಸಣ್ಣದು ಎಂಬಂತೆ ಹಳ್ಳಿಗರು ಇಂದಿಗೂ ಮಾತನಾಡುವುದರಲ್ಲಿ ಅರ್ಥವಿಲ್ಲದೆ ಇಲ್ಲ.

ತೀರ್ಥಯಾತ್ರೆಯ ದೂರಗಳು ಬೇರೊಂದು ಜಾತಿಯವು. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕೆ ಜನರು ಹೊಳೆಯ ಆಚೆಯಿಂದಲೂ ಬಂದು ಸೇರುವುದು ಬಹುಕಾಲದ ಪದ್ಧತಿ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಈ ಎರಡು ಊರುಗಳ ನೇರದೂರ ಸುಮಾರು 51 ಕಿಲೋಮೀಟರು. ಬಸ್ಸೂ ರೈಲೂ ಇರುವ ಕಾಲದಲ್ಲಿಯೂ ಇವರು ನಡೆದೇ ಬರುವರೆಂಬುದನ್ನು ಗಮನಿಸಿದರೆ, ಇಲ್ಲಿ ದೂರವು ತಪ್ಪಿಸಿಕೊಳ್ಳಬೇಕಾದ ಕಷ್ಟವಾಗಿರದೆ ಸಲ್ಲಿಸಬೇಕಾದ ಹರಕೆಯಾಗಿದೆ. ಕೊಟ್ಟೂರಿಗೆ ಸಮೀಪದ ಉಜ್ಜಿನಿಯು ವೀರಶೈವ ಪಂಚಪೀಠಗಳಲ್ಲೊಂದು. ಉಳಿದವುಗಳಲ್ಲೊಂದಾದ ಕೇದಾರವು ಹಿಮಾಲಯದಲ್ಲಿದೆ. ಇವೆರಡರ ನಡುವೆ ನೇರದೂರವೇ ಸುಮಾರು 1,800 ಕಿಲೋಮೀಟರು. ದಿನಕ್ಕೆ 25 ಕಿಲೋಮೀಟರಿನಂತೆ ನಡೆದರೆ 72 ದಿನ; ನಿಜವಾದ ದಾರಿಯ ಬಳಸನ್ನು ಸೇರಿಸಿದರೆ ಮೂರು ತಿಂಗಳು. ಅಷ್ಟು ದೂರದ ಪೀಠವನ್ನು ತಮ್ಮ ಊರಿನ ಪೀಠದೊಡನೆ ಒಂದೇ ಉಸಿರಿನಲ್ಲಿ ಸ್ಮರಿಸಿದ ಜನರಿಗೆ ದೂರದ ಕಲ್ಪನೆಯಿರಲಿಲ್ಲವೆಂದು ಹೇಳುವಂತಿಲ್ಲ. ಆದರೆ ಆ ಕಲ್ಪನೆಯು ನಮ್ಮದಕ್ಕಿಂತ ಬೇರೆಯಾಗಿತ್ತೆಂಬುದು ನಿಶ್ಚಯ.

ಇನ್ನು ಆಧುನಿಕ ಯುಗಕ್ಕೆ ಬರೋಣ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇತರ ಪ್ರದೇಶಗಳೊಡನೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ದತ್ತ ಮಂಡಲವೆಂದು ಹೆಸರಾದ ಈ ಪ್ರದೇಶಕ್ಕೆ ತಾಮಸ್ ಮನ್ರೋ ಮುಖ್ಯ ಕಲೆಕ್ಟರನಾಗಿ 1807ರವರೆಗೆ ಇದ್ದು ಭೂಮಿಯ ಮೋಜಣಿ ಮಾಡಿಸಿದನು. 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ತ್ರಿಕೋನಮಾಪನವು 1811ರಲ್ಲಿ ಗುತ್ತಿಯ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆಯುವಷ್ಟು ಮುಂದುವರಿದಿತ್ತು. ಒಂದು ರೇಖೆಯನ್ನು ಸರಪಣಿಯಿಂದ ಅತಿ ಎಚ್ಚರಿಕೆಯಿಂದ ಅಳೆದು, ಅದರ ಎರಡು ತುದಿಗಳಿಂದ ದೂರದ ಗುಡ್ಡದ ತಲೆಗೆ ಆಗುವ ಕೋನಗಳನ್ನು ಹಿಡಿದರೆ, ಆ ಗುಡ್ಡಕ್ಕೆ ಕಾಲಿಡದೆಯೇ ಅದರ ದೂರವನ್ನು ಹೇಳಬಹುದು. ಹೀಗೆ ನಡೆಯದೆ ದೂರವನ್ನು ತಿಳಿಯುವ ವಿದ್ಯೆಯು ನಮ್ಮ ನಾಡಿಗೆ ಬಂದಿತು. ಹರದಾರಿಯ ಜಾಗದಲ್ಲಿ ಮೈಲುಗಲ್ಲು ನಿಂತಿತು. ಕಚೇರಿಯ ಕಾಗದಗಳಲ್ಲಿ ದೂರವು ಕಾಲದಿಂದ ಬೇರ್ಪಟ್ಟು ಬರಿಯ ಅಂಕಿಯಾಯಿತು.

ಈ ಬೇರ್ಪಡೆಯು ಎಂತಹ ಅನಾಹುತಕ್ಕೆ ಕಾರಣವಾಗಬಹುದೆಂಬುದನ್ನು 1876ರಿಂದ 1878ರವರೆಗಿನ ಮಹಾಕ್ಷಾಮವು ತೋರಿಸಿಕೊಟ್ಟಿತು. ಆ ವೇಳೆಗೆ ರೈಲು ಬಳ್ಳಾರಿಯವರೆಗೆ ಬಂದಿದ್ದಿತು. ಹೊರಗಿನಿಂದ ಧಾನ್ಯವು ಬಳ್ಳಾರಿಯನ್ನು ಮುಟ್ಟಬಹುದಾಗಿತ್ತು. ಆದರೆ ಹಡಗಲಿಯು ಬಳ್ಳಾರಿಯಿಂದ ನೇರದೂರದಲ್ಲಿಯೇ ಸುಮಾರು 105 ಕಿಲೋಮೀಟರು, ಹರಪನಹಳ್ಳಿ 108, ಕೊಟ್ಟೂರು 84, ಹಗರಿಬೊಮ್ಮನಹಳ್ಳಿ 78, ಎಲ್ಲಕ್ಕಿಂತ ಹತ್ತಿರದ ಕೂಡ್ಲಿಗಿ 64. ನಡುವೆ ಸಂಡೂರಿನ ಬೆಟ್ಟಗಳು ಅಡ್ಡವಾಗಿವೆ. ಹೊರೆ ತುಂಬಿದ ಎತ್ತಿನ ಗಾಡಿಯು ದಿನಕ್ಕೆ 20 ರಿಂದ 24 ಕಿಲೋಮೀಟರು ಸಾಗುವುದೆಂದು ಇಟ್ಟುಕೊಂಡರೆ, ಬಳ್ಳಾರಿಯಿಂದ ಹಡಗಲಿಗೆ ಐದಾರು ದಿನ, ಹೋಗಿಬರಲು ಹತ್ತು ಹನ್ನೆರಡು ದಿನ. ಇದು ಒಳ್ಳೆಯ ಕಾಲದ ಲೆಕ್ಕ. ಬರಗಾಲದಲ್ಲಿ ದಾರಿಯುದ್ದಕ್ಕೂ ಎತ್ತುಗಳಿಗೆ ಮೇವಿಲ್ಲ, ನೀರಿಲ್ಲ. ಮೇವನ್ನು ಗಾಡಿಯಲ್ಲಿಯೇ ಹೇರಿಕೊಂಡರೆ ಧಾನ್ಯಕ್ಕೆ ಜಾಗ ಕಡಮೆಯಾಗುತ್ತದೆ. ಹೇರಿಕೊಳ್ಳದಿದ್ದರೆ ಎತ್ತು ದಾರಿಯಲ್ಲಿ ಬೀಳುತ್ತದೆ. ಆದುದರಿಂದ ಬರವು ತೀವ್ರವಾದಂತೆಲ್ಲ ಗಾಡಿಯು ಮುಟ್ಟಬಲ್ಲ ವರ್ತುಲವು ಕುಗ್ಗುತ್ತ ಬರುತ್ತದೆ. ಭೂಪಟದಲ್ಲಿ ಬಳ್ಳಾರಿಗೂ ಹಡಗಲಿಗೂ ಇದ್ದ ದೂರವು ಒಂದಿಷ್ಟೂ ಹೆಚ್ಚಲಿಲ್ಲ; ಆದರೆ ಹಸಿದವನ ಪಾಲಿಗೆ ಅದು ದಿನದಿನಕ್ಕೂ ಬೆಳೆಯಿತು. 1871ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆಯು ಹೆಚ್ಚುಕಡಮೆ ಐದರಲ್ಲೊಂದು ಪಾಲು ಇಳಿದುಹೋಯಿತು. ಇದರಲ್ಲಿ ರೋಗದಿಂದ ಸತ್ತವರೂ ಊರು ಬಿಟ್ಟವರೂ ಸೇರಿದ್ದಾರೆ. ಮಳೆಯ ಅಭಾವ, ಧಾನ್ಯದ ಬೆಲೆ, ಸರ್ಕಾರದ ಧೋರಣೆ ಎಂಬ ಕಾರಣಗಳನ್ನು ಚರಿತ್ರಕಾರರು ವಿವರಿಸಿದ್ದಾರೆ. ಇವುಗಳೊಡನೆ ಪ್ರಯಾಣಕಾಲವನ್ನೂ ಒಂದು ಕಾರಣವೆಂದು ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ.

ಸರ್ಕಾರವೂ ಇದನ್ನು ಅರಿಯದೆ ಇರಲಿಲ್ಲ. 1880ರ ಕ್ಷಾಮ ಆಯೋಗವು ಬರಪೀಡಿತ ಪ್ರದೇಶಗಳಿಗೆ ರೈಲುದಾರಿಗಳನ್ನು ವಿಸ್ತರಿಸುವ ಅಗತ್ಯವನ್ನು ಎತ್ತಿಹಿಡಿಯಿತು. 1882ರಲ್ಲಿ ಸದರ್ನ್ ಮರಾಠ ರೈಲ್ವೆ ಕಂಪನಿಯು ಸ್ಥಾಪಿತವಾಗಿ, ಆ ದಶಕದಲ್ಲಿಯೇ ಬಳ್ಳಾರಿಯಿಂದ ಹೊಸಪೇಟೆಯ ಮೂಲಕ ಗದಗಿನ ಕಡೆಗೆ ಹಳಿಗಳು ಬಿದ್ದವು. 1905ರಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೂಲಕ ಕೊಟ್ಟೂರಿಗೆ 43 ಮೈಲುಗಳ ಮೀಟರ್‌ಗೇಜ್ ಕವಲುದಾರಿ ತೆರೆಯಿತು. ಈ ಕ್ರಮವನ್ನು ಹಡಗಲಿಯ ರೈತನ ದೃಷ್ಟಿಯಿಂದ ನೋಡಿದರೆ, ಹೊಳೆಯ ಈಚೆಗೆ ಅವನಿಗೆ ಅತಿ ಸಮೀಪದ ರೈಲು ನಿಲ್ದಾಣವು ಮೊದಲು ನೇರದೂರದಲ್ಲಿ 105 ಕಿಲೋಮೀಟರಿನಲ್ಲಿದ್ದ ಬಳ್ಳಾರಿ. ಆಮೇಲೆ 56 ಕಿಲೋಮೀಟರಿನ ಹೊಸಪೇಟೆ. 1905ರ ತರುವಾಯ 28 ಕಿಲೋಮೀಟರಿನ ಹಗರಿಬೊಮ್ಮನಹಳ್ಳಿ. ಮೂರೂವರೆ ದಶಕಗಳ ಅವಧಿಯಲ್ಲಿ ಎರಡು ಬಾರಿ ದೂರವು ಅರ್ಧಕ್ಕರ್ಧ ಇಳಿದಂತಾಯಿತು. ಐದು ದಿನದ ಗಾಡಿಯ ದಾರಿಯು ಒಂದೂವರೆ ದಿನಕ್ಕೆ ಬಂದಿತು. ಕೂಡ್ಲಿಗಿಯನ್ನು ರೈಲು ಮುಟ್ಟಲಿಲ್ಲವಾದರೂ ಕೊಟ್ಟೂರಿನ ನಿಲ್ದಾಣವು ಅಲ್ಲಿಗೆ ನೇರದೂರದಲ್ಲಿ 19 ಕಿಲೋಮೀಟರು ಮಾತ್ರ.

ಇಲ್ಲಿ ಮತ್ತೊಂದು ಅಂಶವನ್ನು ಗಮನಿಸಬೇಕು. ಹೊಸಪೇಟೆಗೂ ಕೊಟ್ಟೂರಿಗೂ ನೇರದೂರ ಸುಮಾರು 53 ಕಿಲೋಮೀಟರು. ಆದರೆ ರೈಲುದಾರಿಯ 43 ಮೈಲುಗಳು 69 ಕಿಲೋಮೀಟರುಗಳಿಗೆ ಸಮ. ಹಕ್ಕಿಗಿಂತ ರೈಲು 16 ಕಿಲೋಮೀಟರು ಹೆಚ್ಚಾಗಿ ಓಡುತ್ತದೆ. ಕಬ್ಬಿಣದ ಹಳಿಯು ಏರಿಳಿತವನ್ನು ಸಹಿಸದು, ನಡುವಣ ಊರುಗಳನ್ನು ಬಿಟ್ಟುಹೋಗಲೂ ಒಪ್ಪದು. ಹೀಗೆ ದಾರಿಯು ಉದ್ದವಾದರೂ ಪ್ರಯಾಣವು ಗಿಡ್ಡವಾಯಿತು. ದೂರ ಹೆಚ್ಚಿ ಕಾಲ ಕಡಮೆಯಾಗುವುದೆಂಬ ಈ ವಿಚಿತ್ರವು ಯಂತ್ರಯುಗದ ಒಂದು ಮುಖ್ಯ ಲಕ್ಷಣ.

ರೈಲು ತಂದುದು ವೇಗವೊಂದನ್ನೇ ಅಲ್ಲ. ಅದು ಗಡಿಯಾರವನ್ನೂ ತಂದಿತು. ಅದಕ್ಕೆ ಮುಂಚೆ ಪ್ರತಿಯೊಂದು ಊರಿಗೂ ಅದರದೇ ಆದ ಮಧ್ಯಾಹ್ನವಿತ್ತು. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕಾದುದರಿಂದ, ಕೂಡ್ಲಿಗಿಯ ನೆತ್ತಿಯನ್ನು ದಾಟಿದ ಸೂರ್ಯನು ಹಡಗಲಿಯ ನೆತ್ತಿಗೆ ಬರುವುದು ಸುಮಾರು ಒಂದೂಮುಕ್ಕಾಲು ನಿಮಿಷ ತಡವಾಗಿ. ಹೊಲದಲ್ಲಿ ದುಡಿಯುವವನಿಗೆ ಇದರಿಂದ ಯಾವ ಬಾಧಕವೂ ಇರಲಿಲ್ಲ. ಆದರೆ ರೈಲಿನ ವೇಳಾಪಟ್ಟಿಗೆ ಒಂದೇ ಕಾಲ ಬೇಕು. ದೇಶದ ರೈಲುಗಳು ಮದರಾಸಿನ ಕಾಲವನ್ನು ಅನುಸರಿಸುತ್ತಿದ್ದವು; ಅದು ಹಡಗಲಿಯ ಸೂರ್ಯನಿಗಿಂತ ಸುಮಾರು 17 ನಿಮಿಷ ಮುಂದು. 1906ರ ಜನವರಿ 1ರಿಂದ ಭಾರತೀಯ ಶಿಷ್ಟಕಾಲವು ಆಚರಣೆಗೆ ಬಂದಾಗ ಮದರಾಸಿನ ಗಡಿಯಾರವನ್ನೇ ಸುಮಾರು 9 ನಿಮಿಷ ಮುಂದಕ್ಕೆ ತಿರುಗಿಸಬೇಕಾಯಿತು. ಕೊಟ್ಟೂರಿಗೆ ರೈಲು ಬಂದ ಮರುವರ್ಷವೇ ಈ ಬದಲಾವಣೆ. ಇಂದಿಗೂ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಹಡಗಲಿಯ ಸೂರ್ಯನು ನಡುನೆತ್ತಿಗೆ ಬರಲು, ಸರಾಸರಿಯ ಲೆಕ್ಕದಲ್ಲಿ, ಇನ್ನೂ 26 ನಿಮಿಷಗಳಿರುತ್ತವೆ. ದೂರದ ಊರುಗಳೊಡನೆ ಸಂಬಂಧ ಬೆಳೆಸಬೇಕಾದರೆ ತನ್ನ ಊರಿನ ಹೊತ್ತನ್ನು ಸ್ವಲ್ಪಮಟ್ಟಿಗೆ ಬಿಟ್ಟುಕೊಡಬೇಕಾಗುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆಡಳಿತದ ದೂರವನ್ನು ಈಗ ಪರಿಶೀಲಿಸೋಣ. 1953ರವರೆಗೆ ಈ ತಾಲ್ಲೂಕುಗಳು ಮದರಾಸು ರಾಜ್ಯಕ್ಕೆ ಸೇರಿದ್ದವು. ಹಡಗಲಿಯಿಂದ ರಾಜಧಾನಿಗೆ ನೇರದೂರ ಸುಮಾರು 515 ಕಿಲೋಮೀಟರು. ರಾಜಧಾನಿಯ ಭಾಷೆಯೂ ಬೇರೆ. ತುಂಗಭದ್ರೆಯ ಆಚೆಯ ದಡದಲ್ಲಿ ಇದೇ ಕನ್ನಡವನ್ನಾಡುವ ನೆಂಟರು ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದರು. ಹರಿಗೋಲಿನಲ್ಲಿ ಸ್ವಲ್ಪ ಹೊತ್ತಿನ ಪ್ರಯಾಣ. ಆದರೆ ಕಾನೂನಿನ ದೃಷ್ಟಿಯಲ್ಲಿ ಎರಡು ಬೇರೆ ರಾಜ್ಯಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚಿತವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋಗಿ, ಉಳಿದ ಬಳ್ಳಾರಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಹಡಗಲಿಗೆ ಬೆಂಗಳೂರು ಸುಮಾರು 290 ಕಿಲೋಮೀಟರು. ಒಂದು ರಾತ್ರಿಯಲ್ಲಿ ರಾಜಧಾನಿಯು ಇನ್ನೂರು ಕಿಲೋಮೀಟರಿಗೂ ಹೆಚ್ಚಾಗಿ ಹತ್ತಿರ ಬಂದಿತು. 1956ರ ನವೆಂಬರ್ 1ರಂದು ಹೊಳೆಯ ಎರಡು ದಡಗಳೂ ಒಂದೇ ರಾಜ್ಯವಾದವು. ಅದೇ ದಶಕದಲ್ಲಿ ತುಂಗಭದ್ರಾ ಅಣೆಕಟ್ಟಿನ ಹಿಂದೆ ನೀರು ನಿಂತು ಅನೇಕ ಗ್ರಾಮಗಳು ಮುಳುಗಿ, ಅವುಗಳ ಜನರು ಬೇರೆಡೆಗೆ ಹೋಗಿ ನೆಲೆಸಬೇಕಾಯಿತು. ರಾಜಕೀಯವು ಎರಡು ದಡಗಳನ್ನು ಹತ್ತಿರ ತಂದ ಕಾಲಕ್ಕೆ ಹಿನ್ನೀರು ಅವನ್ನು ಅಗಲ ಮಾಡಿತೆಂಬುದು ಚರಿತ್ರೆಯ ಒಂದು ವೈಚಿತ್ರ್ಯ.

ರಾಜಧಾನಿಯು ಹತ್ತಿರವಾದರೂ ಜಿಲ್ಲೆಯ ಕೇಂದ್ರವು ದೂರದಲ್ಲಿಯೇ ಉಳಿಯಿತು. ಜಿಲ್ಲಾ ಕಚೇರಿಯಲ್ಲಿ ಒಂದು ಸಹಿಗಾಗಿ ಹೋಗುವವನಿಗೆ ನಷ್ಟವಾಗುವುದು ಬಸ್ಸಿನ ಹಣ ಮಾತ್ರವಲ್ಲ, ಒಂದು ದಿನದ ಕೂಲಿ. ಅಧಿಕಾರಿ ಸಿಗದಿದ್ದರೆ ಎರಡು ದಿನದ ಕೂಲಿ. ಸಂಬಳದವನಿಗೆ ನೂರು ಕಿಲೋಮೀಟರು ನೂರೇ ಕಿಲೋಮೀಟರು. ಕೂಲಿಯವನಿಗೆ ಅದು ಒಲೆ ಹತ್ತದ ಒಂದು ರಾತ್ರಿ. ಹೊಸ ಜಿಲ್ಲೆಗಾಗಿ ಪಶ್ಚಿಮ ತಾಲ್ಲೂಕುಗಳ ಜನರು ಮುಂದಿಟ್ಟ ವಾದಗಳಲ್ಲಿ ಈ ದೂರವೇ ಪ್ರಧಾನವಾಗಿತ್ತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವನ್ನಾಗಿ ಮಾಡಿ ವಿಜಯನಗರ ಜಿಲ್ಲೆಯನ್ನು ರಚಿಸಿದಾಗ ಹಡಗಲಿಯ ದೂರವು 105ರಿಂದ 56ಕ್ಕೂ, ಕೊಟ್ಟೂರಿನದು 84ರಿಂದ 53ಕ್ಕೂ, ಹಗರಿಬೊಮ್ಮನಹಳ್ಳಿಯದು 78ರಿಂದ 33ಕ್ಕೂ, ಕೂಡ್ಲಿಗಿಯದು 64ರಿಂದ 41ಕ್ಕೂ ಇಳಿಯಿತು. 2018ರಲ್ಲಿ ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಗಿ, ಅಲ್ಲಿನ ಹಳ್ಳಿಗಳಿಗೆ ತಾಲ್ಲೂಕು ಕಚೇರಿಯೂ ಹತ್ತಿರ ಬಂದಿತ್ತು. ಕೋಗಳಿಯ ಕಾಲದ ಉಪಾಯವನ್ನೇ, ಎಂದರೆ ನಾಡನ್ನು ಒಡೆದು ಕೇಂದ್ರವನ್ನು ಹತ್ತಿರ ತರುವ ಉಪಾಯವನ್ನೇ, ನಮ್ಮ ಕಾಲವೂ ಅನುಸರಿಸಿತೆಂದು ಹೇಳಬಹುದು.

ಆದರೆ ದೂರವೇ ಎಲ್ಲವನ್ನೂ ನಿರ್ಣಯಿಸುತ್ತದೆಂದು ತಿಳಿಯುವುದು ತಪ್ಪು. ಇದಕ್ಕೆ ಹರಪನಹಳ್ಳಿಯ ಉದಾಹರಣೆಯೇ ಸಾಕು. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾದಾಗ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಲಾಯಿತು. ದಾವಣಗೆರೆಗೆ ನೇರದೂರ ಸುಮಾರು 37 ಕಿಲೋಮೀಟರು, ಬಳ್ಳಾರಿಗೆ 108. ದೂರದ ದೃಷ್ಟಿಯಿಂದ ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಇರಲಾರದು. ಆದರೂ 2018ರಲ್ಲಿ ಆ ತಾಲ್ಲೂಕು ಮತ್ತೆ ಬಳ್ಳಾರಿ ಜಿಲ್ಲೆಗೆ ಹಿಂತಿರುಗಿತು. ಅಲ್ಲಿಂದ 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದಿತು. ಇದಕ್ಕೆ ಕಾರಣವೇನು? 2012ರಲ್ಲಿ ಅಂಗೀಕೃತವಾದ ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿಯು ಸೇರಿ, ಬಳ್ಳಾರಿಯೂ ಒಳಗೊಂಡಂತೆ ಆರು ಜಿಲ್ಲೆಗಳಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ವಿಶೇಷ ಅವಕಾಶಗಳು ದೊರೆತವು. ದಾವಣಗೆರೆಯು ಆ ಪಟ್ಟಿಯಲ್ಲಿರಲಿಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕೂ ನೌಕರಿಗೂ ದೊರೆಯುವ ಹಕ್ಕಿನ ಮುಂದೆ 70 ಕಿಲೋಮೀಟರುಗಳ ಹೆಚ್ಚುವರಿ ಪ್ರಯಾಣವು ಜನರಿಗೆ ಹಗುರವಾಗಿ ಕಂಡಿತು. ಹತ್ತಿರದ ಕಚೇರಿಗಿಂತ ಫಲ ಕೊಡುವ ಕಚೇರಿಯೇ ಮೇಲೆಂಬ ಈ ತೀರ್ಮಾನದಲ್ಲಿ ವಿವೇಕವಿದೆ. ಜನರು ದೂರವನ್ನು ಅಂಕಿಯಿಂದ ಅಳೆಯುವುದಿಲ್ಲ, ಅದರ ತುದಿಯಲ್ಲಿ ದೊರೆಯುವ ಪ್ರಯೋಜನದಿಂದ ಅಳೆಯುತ್ತಾರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾವು ಕಾಣೆವು.

ಕಡೆಯದಾಗಿ ವಿಮಾನಯುಗವನ್ನು ಕುರಿತು ಎರಡು ಮಾತು. ದೂರದ ಎರಡು ವಿಮಾನ ನಿಲ್ದಾಣಗಳ ನಡುವಣ ದೂರವನ್ನು ಮೇಲೆ ಹೇಳಿದ ಲಂಬತ್ರಿಕೋನದ ಕ್ರಮದಿಂದ ಗಣಿಸಲಾಗದು. ಅಲ್ಲಿ ಭೂಮಿಯ ಗುಂಡಗಿನ ಆಕಾರವನ್ನು ಲೆಕ್ಕಕ್ಕೆ ತರಬೇಕು. ಗೋಳದ ಮೇಲಿನ ಎರಡು ಬಿಂದುಗಳಿಗೆ ಅತಿ ಹತ್ತಿರದ ದಾರಿಯೆಂದರೆ ಅವೆರಡನ್ನೂ ಗೋಳದ ಕೇಂದ್ರವನ್ನೂ ಕೂಡಿಸುವ ಸಮತಲವು ಮೇಲ್ಮೈಯಲ್ಲಿ ಕೊರೆಯುವ ಮಹಾವೃತ್ತದ ತುಂಡು. ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಈ ಕ್ರಮದಲ್ಲಿ ಸುಮಾರು 14,000 ಕಿಲೋಮೀಟರು. ಎರಡು ನಗರಗಳ ರೇಖಾಂಶಗಳಿಗೆ ಸುಮಾರು 160 ಡಿಗ್ರಿ ವ್ಯತ್ಯಾಸವಿರುವುದರಿಂದ ಅವು ಭೂಗೋಳದ ಹೆಚ್ಚುಕಡಮೆ ಎದುರುಬದಿರು ಮಗ್ಗುಲುಗಳಲ್ಲಿವೆ. ಆದಕಾರಣ ಹತ್ತಿರದ ದಾರಿಯು ಉತ್ತರ ಧ್ರುವದ ಸಮೀಪದಿಂದ ಹೋಗುತ್ತದೆ. ಚಪ್ಪಟೆಯಾದ ಭೂಪಟವನ್ನೇ ನೋಡಿದವನಿಗೆ ಇದು ನಂಬಲಸಾಧ್ಯವಾಗಿ ತೋರಬಹುದು. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವು ಈ ಧ್ರುವಮಾರ್ಗದಲ್ಲಿ ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಬೆಂಗಳೂರಿಗೆ ಬಂದಿತು. ಅದು ಅಲ್ಲಿಂದ ಹೊರಟುದು ಅಲ್ಲಿನ 9ನೆಯ ತಾರೀಖಿನ ರಾತ್ರಿ. ಇಲ್ಲಿ ಇಳಿದುದು ಇಲ್ಲಿನ 11ನೆಯ ತಾರೀಖಿನ ಬೆಳಗಿನ ಜಾವ. ಎರಡು ದೇಶಗಳ ಗಡಿಯಾರಗಳಿಗೆ ಹದಿಮೂರೂವರೆ ಗಂಟೆಗಳ ಅಂತರವಿದ್ದುದರಿಂದ, 10ನೆಯ ತಾರೀಖು ಪ್ರಯಾಣಿಕರ ಪಾಲಿಗೆ ಆಕಾಶದಲ್ಲಿಯೇ ಕಳೆದುಹೋಯಿತು. ಹಡಗಲಿಯ ಸೂರ್ಯನಿಗೂ ಮದರಾಸಿನ ಗಡಿಯಾರಕ್ಕೂ ಇದ್ದ 17 ನಿಮಿಷಗಳ ಜಗಳವೇ ಇಲ್ಲಿ ಬೆಳೆದು ಒಂದು ದಿನವನ್ನು ನುಂಗುವಷ್ಟಾಗಿದೆ.

ಹೀಗೆ ಬಂದಿಳಿದ ಹಡಗಲಿಯ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. 2008ರಿಂದ ದೇವನಹಳ್ಳಿಯ ಬಳಿ ನಡೆಯುತ್ತಿರುವ ನಿಲ್ದಾಣದಿಂದ ಅವನ ಊರಿಗೆ ನೇರದೂರ ಸುಮಾರು 278 ಕಿಲೋಮೀಟರು. ಆಕಾಶದಲ್ಲಿ ಅವನು ಬಂದ ದೂರದ ನೂರರಲ್ಲಿ ಎರಡು ಪಾಲು ಮಾತ್ರ. ಆದರೆ ರಸ್ತೆಯಲ್ಲಿ ಅದಕ್ಕೆ ಆರೇಳು ಗಂಟೆ ಬೇಕು. ಎಂದರೆ ವಿಮಾನದ ಕಾಲದ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ಉಡಾನ್ ಯೋಜನೆಯಡಿ 2017ರಲ್ಲಿ ವಿಮಾನಸೇವೆ ತೊಡಗಿದಾಗ ಹಡಗಲಿಗೆ ವಿಮಾನ ನಿಲ್ದಾಣವು ನೇರದೂರದಲ್ಲಿ 77 ಕಿಲೋಮೀಟರಿಗೆ ಬಂದಂತಾಯಿತು. ಕೊಟ್ಟೂರಿನಲ್ಲಿ ಒಂದು ಶತಮಾನದಷ್ಟು ಕಾಲ ನಿಂತುಹೋಗಿದ್ದ ರೈಲುದಾರಿಯು ಹರಪನಹಳ್ಳಿಯ ಮೂಲಕ ಹರಿಹರವನ್ನು ಕೂಡಿ, 2019ರಲ್ಲಿ ಹೊಸಪೇಟೆಗೂ ಹರಿಹರಕ್ಕೂ ಪ್ರಯಾಣಿಕರ ಗಾಡಿ ಓಡತೊಡಗಿತು. 1905ರ ಹಳಿಯನ್ನು ಮುಂದಿನ 65 ಕಿಲೋಮೀಟರು ಎಳೆಯಲು ಹಿಡಿದ ಕಾಲವನ್ನು, 14,000 ಕಿಲೋಮೀಟರುಗಳನ್ನು 17 ಗಂಟೆಗಳಲ್ಲಿ ದಾಟಿದ ವೇಗದೊಡನೆ ಹೋಲಿಸಿದರೆ, ನಮ್ಮ ಯುಗದ ಪ್ರಗತಿಯು ಸಮವಾಗಿ ಹಂಚಿಹೋಗಿಲ್ಲವೆಂಬುದು ಮನದಟ್ಟಾಗುತ್ತದೆ. ಅತಿ ದೂರಗಳು ಬೇಗ ಕುಗ್ಗಿದವು. ಸಮೀಪದ ದೂರಗಳು ನಿಧಾನವಾಗಿ ಕುಗ್ಗಿದವು.

ಮೇಲಿನ ಚರ್ಚೆಯಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಒಂದು, ಪ್ರಯಾಣಕಾಲವು ದೂರದಿಂದ ನೇರವಾಗಿ ಹುಟ್ಟುವುದಿಲ್ಲ. ವಾಹನ, ಋತು, ಮೇವು, ಹಳಿ, ಗಡಿ ಇವೆಲ್ಲ ಸೇರಿ ಅದನ್ನು ರೂಪಿಸುತ್ತವೆ. ಎರಡು, ಕೇಂದ್ರಗಳು ಚಲಿಸುವುದರಿಂದ ಹಳ್ಳಿಗಳ ದೂರವೂ ಚರಿತ್ರೆಯುದ್ದಕ್ಕೂ ಚಲಿಸುತ್ತದೆ. ಮೂರು, ದೂರದ ಭಾರವು ಎಲ್ಲರ ಮೇಲೆ ಒಂದೇ ಸಮನಾಗಿ ಬೀಳುವುದಿಲ್ಲ. 1877ರಲ್ಲಿ ಬಳ್ಳಾರಿಯ ನಿಲ್ದಾಣದಲ್ಲಿದ್ದ ಧಾನ್ಯಕ್ಕೂ ಹಡಗಲಿಯ ಹಸಿವಿಗೂ ನಡುವೆ ಇದ್ದುದು ಕೆಲವೇ ದಿನಗಳು, ಆದರೆ ಆ ದಿನಗಳೇ ಅಸಂಖ್ಯ ಜನರ ಆಯುಷ್ಯಕ್ಕಿಂತ ಉದ್ದವಾಗಿದ್ದವು.

ಈ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿ. ತಮ್ಮ ಮನೆಯ ಹಿರಿಯರು ತೌರಿಗೆ, ಸಂತೆಗೆ, ಜಾತ್ರೆಗೆ, ಕಚೇರಿಗೆ, ಆಸ್ಪತ್ರೆಗೆ ಎಷ್ಟು ಹೊತ್ತಿನಲ್ಲಿ ಹೋಗುತ್ತಿದ್ದರು, ಯಾವ ದಾರಿಯಲ್ಲಿ ಹೋಗುತ್ತಿದ್ದರು, ನಡುವೆ ಎಲ್ಲಿ ತಂಗುತ್ತಿದ್ದರು ಎಂಬುದನ್ನು ಕೇಳಿ ಬರೆದಿಡಬೇಕು. ಮೈಲುಗಲ್ಲುಗಳು ಹೇಳದ ಚರಿತ್ರೆಯು ಆ ಮಾತುಗಳಲ್ಲಿದೆ. ಹರದಾರಿಯ ಲೆಕ್ಕದಲ್ಲಿ ಬಾಳಿದ ತಲೆಮಾರಿನವರ ನೆನಪು ನಮ್ಮೊಡನೆ ಬಹುಕಾಲ ಉಳಿಯದು. ಅದು ಮರೆಯಾಗುವ ಮುನ್ನ ಅದನ್ನು ಸಂಗ್ರಹಿಸುವುದು ಚರಿತ್ರೆಯ ಅಭ್ಯಾಸಿಗಳ ಕರ್ತವ್ಯ.